ಜಗಳೂರಿಗೆ ಹೋದ ಅಳತೆ ಬ್ಲೌಸು

ಆ ಮನೆಗೆ ನನ್ನ ತಂಗಿಯನ್ನು ಕೊಡುವುದು ಬೇಡ ಎಂದು ನನಗೆ ಮೊದಲು ಅನ್ನಿಸಿದ್ದು ಒಂದು ಬ್ಲೌಸಿನಿಂದ. ಹೀಗೆಂದರೆ ಯಾರೂ ನಂಬುವುದಿಲ್ಲ, ನಮ್ಮವ್ವನೂ ನಂಬಲಿಲ್ಲ. ಹುಡುಗ ಕುಡಿಯುವುದಿಲ್ಲ, ಸೇದುವುದಿಲ್ಲ, ಬ್ಯಾಂಕಿನಲ್ಲಿ ಕೆಲಸ, ಜಗಳೂರಿನಲ್ಲಿ ಸ್ವಂತ ಮನೆ. ಬ್ಲೌಸು ಬಿಗಿಯಾಯಿತು ಅಂತ ಇಂಥ ಸಂಬಂಧ ಬಿಡುತ್ತಾರೇನೇ ಹುಚ್ಚಿ ಎಂದು ನನ್ನನ್ನೇ ಬೈದಳು. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಾಗಿ ಮನೆಯಲ್ಲಿ ನಾನು ಹೇಳಿದ್ದಕ್ಕೆ ಅರ್ಧ ಬೆಲೆ.

ನಮ್ಮ ಮನೆಯ ಹೆಂಗಸರದು ತುಂಬಿದ ಮೈ. ಅಜ್ಜಿಯಿಂದ ಬಂದದ್ದು ಅವ್ವನಿಗೆ, ಅವ್ವನಿಂದ ನಮ್ಮಿಬ್ಬರಿಗೆ. ಎದೆ, ಸೊಂಟ, ತೋಳು, ಯಾವುದರಲ್ಲೂ ದೇವರು ಜಿಪುಣತನ ಮಾಡಿಲ್ಲ. ನಮ್ಮೂರು ಚನ್ನಗಿರಿಯ ಬಟ್ಟೆ ಅಂಗಡಿಗೆ ಹೋದರೆ ಕೆಲಸದವನು ನಮ್ಮನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ನಾವು ಬಾಯಿ ಬಿಡುವ ಮೊದಲೇ ಕೆಳಗಿನ ಖಾನೆಗೆ ಕೈ ಹಾಕುತ್ತಿದ್ದ. ಅಲ್ಲಿರುವುದು ಫ್ರೀ ಸೈಜ್. ಫ್ರೀ ಸೈಜ್ ಎಂದರೆ ಗೋಣಿಚೀಲಕ್ಕೆ ತೋಳು ಇಟ್ಟಿದ್ದು, ಅಷ್ಟೇ. ಅದೂ ಕಪ್ಪು ಇಲ್ಲವೇ ಕಂದು, ಯಾಕೆಂದರೆ ದಪ್ಪ ಇರುವವರಿಗೆ ಅದೇ ಒಪ್ಪುತ್ತದಂತೆ. ಎದೆಗೆ ಸರಿಹೋದ ಕುರ್ತಾ ಭುಜದಿಂದ ಜಾರುತ್ತಿತ್ತು, ಭುಜಕ್ಕೆ ಸರಿಹೋದದ್ದು ಸೊಂಟದ ಹತ್ತಿರ ನಿಂತುಬಿಡುತ್ತಿತ್ತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ, ನಮಗೆ ನೋಟವೂ ಇರಲಿಲ್ಲ, ಉಂಡದ್ದಕ್ಕೂ ಮಾತು ಕೇಳಬೇಕಿತ್ತು.

ನನ್ನನ್ನು ಹೊನ್ನಾಳಿಗೆ ಮದುವೆ ಮಾಡಿಕೊಟ್ಟ ಮೇಲೆ ನಮಗೊಂದು ದಾರಿ ಸಿಕ್ಕಿತು. ನಾನು ನ್ಯಾಮತಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಸಂಜೆ ಬಸ್ಸಿಳಿದು ಮನೆಗೆ ಹೋಗುವ ಓಣಿಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಎಲ್ಲರೂ ಅವರನ್ನು ಆಪಾ ಅನ್ನುತ್ತಾರೆ. ಅವರು ಕುತ್ತಿಗೆಯನ್ನು ಕೊಂಚ ಆಳ ಇಟ್ಟು, ತೋಳನ್ನು ಮೊಣಕೈ ತನಕ ತಂದು, ಎದೆಯ ಕೆಳಗೆ ಉದ್ದಕ್ಕೆ ಬಟ್ಟೆ ಜೋಡಿಸಿ ಹೊಲಿದರೆ ಮೈ ಅಡಗುವುದಿಲ್ಲ, ಆದರೆ ಅದಕ್ಕೊಂದು ಅಂದ ಬರುತ್ತದೆ. ಪಕ್ಕದ ಹೊಲಿಗೆಯ ಒಳಗೆ ಯಾವಾಗಲೂ ಒಂದಿಷ್ಟು ಬಟ್ಟೆ ಮಡಿಚಿ ಬಿಟ್ಟಿರುತ್ತಾರೆ. ಮೈ ಬಂದರೆ ಒಂದು ಹೊಲಿಗೆ ಬಿಚ್ಚಿದರಾಯಿತು.

ತಂಗಿಗೆ ಅವರ ಹತ್ತಿರ ನವಿಲು ಬಣ್ಣದ ಬ್ಲೌಸು ಹೊಲಿಸಿದ್ದೆ. ಅದನ್ನು ಹಾಕಿಕೊಂಡು ನಮ್ಮ ಮನೆಯ ಬೀರು ಕನ್ನಡಿಯ ಮುಂದೆ ನಿಂತು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಬೆನ್ನು ಕಾಣಲೆಂದು ಕುತ್ತಿಗೆ ಹೊರಳಿಸಿ ನೋಡಿಕೊಂಡಳು.

“ಅಕ್ಕಾ, ನಾನು ಚೆಂದ ಇದೀನಿ ಕಣೇ,” ಅಂದಳು.

ಅವಳು ನಕ್ಕರೆ ಮೈಯೆಲ್ಲ ನಗುತ್ತಿತ್ತು. ಕಾಲೇಜಿನಲ್ಲಿ ಡುಮ್ಮಿ ಅನ್ನಿಸಿಕೊಂಡು, ಗ್ರೂಪ್ ಫೋಟೋದಲ್ಲಿ ಸದಾ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದ ಹುಡುಗಿ ಅವತ್ತು ತಾನೇ ಫೋಟೋ ತೆಗೆಯೆಂದು ಕೇಳಿದಳು. ಈಗ ಹೇಳುತ್ತಿರುವುದೆಲ್ಲ ಆ ಹುಡುಗಿಯ ಬಗ್ಗೆ. ನನಗೆ ಉಳಿಯಬೇಕಿದ್ದದ್ದು ಅವಳು.

ಜಗಳೂರಿನವರು ಅವಳನ್ನು ನೋಡಿದ್ದೂ ಅದೇ ಬ್ಲೌಸಿನಲ್ಲಿ. ಹುಡುಗ, ಅವನ ತಾಯಿ, ಅದೇ ಊರಲ್ಲಿ ಕೊಟ್ಟಿದ್ದ ಅವನ ಅಕ್ಕ, ಮೂವರೂ ಬಂದು ಒಪ್ಪಿ ಹೋದರು. ನಮ್ಮ ಕಡೆ ಧಾರೆ ಸೀರೆ ಗಂಡಿನ ಮನೆಯದು, ಅದಕ್ಕೆ ಬ್ಲೌಸು ಹೊಲಿಸುವುದೂ ಅವರೇ. ಹಾಗಾಗಿ ಮದುಮಗಳ ಅಳತೆಗೆ ಅವಳದ್ದೇ ಒಂದು ಬ್ಲೌಸು ಅವರ ಮನೆಗೆ ಹೋಗಬೇಕು. ಟೇಪು ಹಿಡಿದು ಯಾರೂ ಮೈ ಮುಟ್ಟುವುದಿಲ್ಲ, ಬ್ಲೌಸೇ ಮೈಯ ಬದಲಿಗೆ ಊರಿಂದೂರಿಗೆ ತಿರುಗುತ್ತದೆ. ತಂಗಿ ನವಿಲು ಬಣ್ಣದ್ದನ್ನು ಒಗೆದು, ಇಸ್ತ್ರಿ ಮಾಡಿ, ಮಡಿಚಿ ಕೊಟ್ಟಳು. ನನಗೆ ಕೊಡಲು ಮನಸ್ಸಿರಲಿಲ್ಲ, ಬೇರೆಯದು ಕೊಡು ಅಂದೆ. ಒಳ್ಳೆಯದು ಕೊಟ್ಟರೆ ತಾನೇ ಒಳ್ಳೆಯದು ಹೊಲಿಯುತ್ತಾರೆ ಅಂದಳು.

ಆಮೇಲೆ ಹುಡುಗ ದಿನಾ ಬೆಳಿಗ್ಗೆ ಮೆಸೇಜು ಹಾಕತೊಡಗಿದ. ಏನು ತಿಂದೆ ಅಂತ ಕೇಳುತ್ತಿದ್ದ. ನಾವೆಲ್ಲ ಅದನ್ನು ಪ್ರೀತಿ ಅಂದುಕೊಂಡೆವು. ನನ್ನ ಗಂಡ ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಕೇಳಿದವರಲ್ಲ, ನೋಡಿ ಕಲೀರಿ ಅಂತ ನಾನು ಛೇಡಿಸಿದ್ದೂ ಉಂಟು. ಸ್ವಲ್ಪ ದಿನದ ಮೇಲೆ ತಟ್ಟೆಯ ಫೋಟೋ ಕೇಳಿದ. ತಂಗಿ ಮೊದಲು ನಗುತ್ತಾ ಕಳಿಸಿದಳು. ಆಮೇಲೊಂದು ದಿನ ನಾನು ತವರಿಗೆ ಹೋದಾಗ, ಅವ್ವ ಬಡಿಸಿದ ಎರಡು ರೊಟ್ಟಿಯಲ್ಲಿ ಒಂದನ್ನು ತೆಗೆದಿಟ್ಟು ಫೋಟೋ ಹೊಡೆದು, ಫೋನು ಕೆಳಗಿಟ್ಟ ಮೇಲೂ ಆ ರೊಟ್ಟಿಯನ್ನು ವಾಪಸ್ ಹಾಕಿಕೊಳ್ಳಲಿಲ್ಲ. ಯಾಕೇ ಅಂದರೆ, ಹಸಿವಿಲ್ಲ ಅಂದಳು.

ಮದುವೆ ಹತ್ತಿರ ಬಂದಾಗ ಜಗಳೂರಿನಿಂದ ಬ್ಲೌಸುಗಳು ಬಂದವು. ಧಾರೆಯದು, ಆರತಕ್ಷತೆಯದು, ಇನ್ನೂ ಕೆಲವು. ಚೆಂದದ ಬಣ್ಣಗಳು, ತೋಳ ತುಂಬ ಕಸೂತಿ. ಒಂದೂ ಅವಳಿಗೆ ಆಗಲಿಲ್ಲ. ತೋಳು ಅರ್ಧಕ್ಕೇ ನಿಂತಿತು, ಮುಂದಿನ ಎರಡು ಪಟ್ಟಿಗಳ ನಡುವೆ ಅಂಗೈ ಅಗಲ ಜಾಗ. ಅವ್ವ ಒಂದು ನಿಮಿಷವೂ ಯೋಚಿಸದೆ, ಅಳತೆ ಬ್ಲೌಸು ಅದಲುಬದಲಾಗಿದೆ, ಆ ಟೈಲರು ಬೇರೆ ಯಾರದ್ದೋ ಇಟ್ಟುಕೊಂಡು ಹೊಲಿದಿದ್ದಾನೆ ಅಂದಳು. ನಾವೂ ಹಾಗೇ ನಂಬಿದೆವು. ಅಳತೆ ಬ್ಲೌಸು ಹೋದ ಮೇಲೆ ತಪ್ಪಾದರೆ ಬೈಯುವುದು ಟೈಲರನ್ನೇ, ಅದು ರೂಢಿ. ಬೀಗರ ಮನಸ್ಸಿಗೆ ನೋವಾಗಬಾರದೆಂದು ಅಪ್ಪ ಯಾರನ್ನೂ ದೂರದೆ, ಹೊಸ ಬ್ಲೌಸುಗಳ ಜೊತೆಗೆ ತಂಗಿಯ ಇನ್ನೊಂದು ಬ್ಲೌಸನ್ನು, ಸ್ವಲ್ಪ ಸಡಿಲವಾದದ್ದನ್ನೇ ಆರಿಸಿ, ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಅಳತೆ ಇದು, ಇದಕ್ಕೆ ಸರಿಯಾಗಿ ಸಡಿಲ ಮಾಡಿಸಿಕೊಡಿ ಅಂತ ಫೋನಿನಲ್ಲಿ ಮೆತ್ತಗೆ ಹೇಳಿದರು.

ಗಂಟು ಬೇಗನೇ ವಾಪಸ್ ಬಂತು. ನಾನು ಅವತ್ತು ಚನ್ನಗಿರಿಯಲ್ಲೇ ಇದ್ದೆ. ಹೊಸ ಬ್ಲೌಸುಗಳು ಹೋದ ಹಾಗೇ ಬಂದಿದ್ದವು. ಕೆಳಗೆ ಅವಳ ಆ ಸಡಿಲ ಬ್ಲೌಸು, ಅದರ ಕೆಳಗೆ ನವಿಲು ಬಣ್ಣದ್ದು. ಎರಡನ್ನೂ ಎರಡೂ ಪಕ್ಕಕ್ಕೆ ಒಳಗೆ ಹಿಡಿದು ಹೊಲಿದಿದ್ದರು. ಬಿಚ್ಚಿದರಾಯಿತು ಅಂದುಕೊಂಡು ಒಳಗೆ ಬೆರಳು ಹಾಕಿದೆ. ಆಪಾ ಬಿಟ್ಟಿದ್ದ ಬಟ್ಟೆ ಇರಲಿಲ್ಲ. ಹೊಲಿಗೆಯ ಅಂಚಿಗೇ ಕತ್ತರಿಸಿ ತೆಗೆದಿದ್ದರು. ಹೊಸ ಬ್ಲೌಸುಗಳನ್ನು ತಿರುಗಿಸಿ ನೋಡಿದೆ, ಅವುಗಳಲ್ಲೂ ಇಲ್ಲ. ಇದು ಯಾರೋ ಟೈಲರು ಕಣ್ತಪ್ಪಿ ಮಾಡಿದ್ದಲ್ಲ.

ಹಿತ್ತಲಿಗೆ ಹೋಗಿ ಹುಡುಗನ ಅಕ್ಕನಿಗೆ ಫೋನು ಮಾಡಿದೆ. ಜಗಳವಾಡಲೆಂದೇ ಮಾಡಿದ್ದು. ಆಕೆ ಮಾತ್ರ ತುಂಬ ಪ್ರೀತಿಯಿಂದ ಮಾತಾಡಿದರು.

“ಅಳತೆ ತಪ್ಪಿಲ್ಲ ಕಣ್ರಿ. ನಾವೇ ಹೇಳಿ ಹಂಗೆ ಹೊಲಿಸೀವಿ,” ಅಂದರು.

ಹಾಗೆಂದರೇನು ಎಂದು ಕೇಳಿದೆ.

“ಹುಡುಗಿ ಅಳತೆಗೆ ಬಟ್ಟೆ ಹೊಲಿಸ್ತಾ ಹೋದ್ರೆ ಅವಳು ಬೆಳೀತಾನೇ ಹೋಗ್ತಾಳೆ. ಬಟ್ಟೆ ಚಿಕ್ಕದಿದ್ರೆ ತಾನೇ ಅದರ ಅಳತೆಗೆ ಬರ್ತಾಳೆ. ಮದುವೆಗೆ ಇನ್ನೂ ದಿನ ಐತಲ್ಲ. ನಮ್ಮವ್ವ ನನಗೂ ಹಿಂಗೇ ಮಾಡಿದ್ಲು, ಈಗ ನೋಡ್ರಿ ನಾನು ಹೆಂಗದೀನಿ.”

ಆಕೆ ಹೇಗಿದ್ದರು ಎಂದು ನೆನಪು ಮಾಡಿಕೊಂಡೆ. ತೆಳ್ಳಗೆ, ನೆಟ್ಟಗೆ. ನೋಡಲು ಬಂದ ದಿನ ನಮ್ಮ ಮನೆಯಲ್ಲಿ ಕೊಟ್ಟ ಉಪ್ಪಿಟ್ಟನ್ನು ಮಾತಾಡುತ್ತಲೇ ಚಮಚದಿಂದ ಅತ್ತಿತ್ತ ಸರಿಸಿ ಹಾಗೇ ಬಿಟ್ಟಿದ್ದರು. ಆಗ ಅದನ್ನು ನಾಚಿಕೆ ಅಂದುಕೊಂಡಿದ್ದೆವು.

ನಾನು ಒಳಗೆ ಬಂದು, ಈ ಸಂಬಂಧ ಬೇಡ ಅಂದೆ. ಕೂಗಿಯೇ ಅಂದೆ. ಆ ಮನೆಯಲ್ಲಿ ಇವಳನ್ನು ಸೀರೆ ಮಡಿಚಿದ ಹಾಗೆ ಮಡಿಚಿ ಇಡುತ್ತಾರೆ, ಕಳಿಸಬೇಡಿ ಅಂತ ಅಪ್ಪನ ಮುಂದೆ ಕೂತು ಅತ್ತೆ. ಛತ್ರ ಗೊತ್ತು ಮಾಡಿ ಆಗಿದೆ, ಲಗ್ನಪತ್ರಿಕೆ ಹಂಚಿ ಆಗಿದೆ, ಜನ ಕಾರಣ ಕೇಳಿದರೆ ಬ್ಲೌಸು ಅನ್ನಲೇನಮ್ಮಾ ಎಂದು ಅಪ್ಪ ಕೇಳಿದರು. ಅವ್ವನದು ಬೇರೆಯೇ ವಾದ. ಹುಡುಗಿ ಸಣ್ಣಗಾದರೆ ಅವಳಿಗೇ ಒಳ್ಳೆಯದು, ಸಕ್ಕರೆ ಕಾಯಿಲೆ ಬರುವುದಿಲ್ಲ, ಹೆರಿಗೆ ಸಲೀಸು. ನಾನು ಇಷ್ಟು ವರ್ಷ ಹೇಳಿ ಆಗದ್ದನ್ನು ಬೀಗರು ಮಾಡಿಸುತ್ತಿದ್ದಾರೆ ಅಂದಳು. ಅವಳ ಮಾತನ್ನು ಹೇಗೆ ತಳ್ಳಿಹಾಕಲಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೂಗಿಗಿಂತ ಮೂಗುತಿ ಭಾರವಾಯಿತಲ್ಲವ್ವಾ ಅಂದೆ. ನಿನಗೆ ಹೊಟ್ಟೆಕಿಚ್ಚು ಅಂದಳು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ಕಡೆಗೆ ತಂಗಿಯನ್ನೇ ಕೇಳಿದೆ. ಬ್ಲೌಸುಗಳನ್ನು ಹೊನ್ನಾಳಿಗೆ ಒಯ್ಯುತ್ತೇನೆ, ಆಪಾ ಕಂಕುಳ ಕೆಳಗೆ ಪಟ್ಟಿ ಸೇರಿಸಿಕೊಡುತ್ತಾರೆ, ಸೆರಗಿನಡಿ ಯಾರಿಗೂ ಕಾಣುವುದಿಲ್ಲ ಅಂದೆ. ಅವಳು ಧಾರೆಯ ಬ್ಲೌಸನ್ನು ನನ್ನ ಕೈಯಿಂದ ತೆಗೆದುಕೊಂಡು ಬೀರುವಿನೊಳಗೆ ಇಟ್ಟಳು. ಅವರು ನೋಡಿಬಿಡುತ್ತಾರೆ ಅಕ್ಕಾ ಅಂದಳು. ನೋಡಿದರೆ ನೋಡಲಿ ಎನ್ನಬೇಕಾದ ಹುಡುಗಿ ಹೆದರಿದ್ದಳು, ಮದುವೆ ಇನ್ನೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಅವಳ ಸದ್ದು ಕಡಿಮೆಯಾಯಿತು. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಸೌತೆಕಾಯಿ. ಅರಿಶಿಣ ಹಚ್ಚುವ ದಿನ ಕಣ್ಣು ಕತ್ತಲೆ ಬಂದು ಮಣೆಯ ಮೇಲೇ ವಾಲಿದಳು. ಚಿಕ್ಕಮ್ಮ ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಒಂದು ತುತ್ತು ಅನ್ನ ಕೊಡ್ರೋ ಅಂತ ನಾನು ಕಿರುಚಿದ್ದು ಹಾಡಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಮದುವೆಯ ದಿನ ಬ್ಲೌಸು ಅವಳಿಗೆ ಆಯಿತು, ಹುಕ್ಕುಗಳೆಲ್ಲ ಕೂತವು. ಬಂದವರೆಲ್ಲ ಅವ್ವನಿಗೆ, ಮಗಳು ಗೊಂಬೆ ಹಂಗೆ ಕಾಣ್ತಾಳೆ ಅಂದರು. ಜಗಳೂರಿನ ಅತ್ತೆ ಸೊಸೆಯ ಬೆನ್ನ ಮೇಲೆ ಕೈಯಾಡಿಸಿ, ಎರಡೂ ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ, ಸಮಾಧಾನದಿಂದ ತಲೆಯಾಡಿಸಿದರು.

ಆಮೇಲೆ ನಾನು ಒಂದು ಸಲ ಜಗಳೂರಿಗೆ ಹೋಗಿ ಬಂದೆ. ಆ ಮನೆಯಲ್ಲಿ ಹೊಡೆಯುವುದಿಲ್ಲ, ಬೈಯುವುದಿಲ್ಲ. ಹೊಡೆದಿದ್ದರೆ ಹೇಳಲು ಒಂದು ಮಾತಾದರೂ ಇರುತ್ತಿತ್ತು. ಅತ್ತೆ ನನಗೆ ಬಲವಂತ ಮಾಡಿ ಬಡಿಸಿದರು, ಸೊಸೆಗೆ ಬಡಿಸುವಾಗ ಮಗನ ಮುಖ ನೋಡಿದರು. ಅವನು ಫೋನಿನಿಂದ ತಲೆಯೆತ್ತಿ ಸಾಕು ಅಂದ, ಅಷ್ಟೇ. ಹಬ್ಬಕ್ಕೆ ಹೊಸ ಬ್ಲೌಸು ಬಂದಿದೆ ಅಂತ ಅತ್ತೆ ಸಂಭ್ರಮದಿಂದ ತೋರಿಸಿದರು. ಧಾರೆಯದಕ್ಕಿಂತ ಚಿಕ್ಕದಾಗಿತ್ತು. ತಂಗಿ ನನ್ನ ಕಣ್ಣು ತಪ್ಪಿಸಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಈ ದೀಪಾವಳಿಗೆ ಅವಳು ಹೊನ್ನಾಳಿಯ ನಮ್ಮ ಮನೆಗೆ ಬಂದಳು. ಕೊರಳ ಮೂಳೆ ಎದ್ದಿತ್ತು, ಕೂದಲು ಬಾಚಿದರೆ ಕೈತುಂಬ ಬರುತ್ತಿತ್ತು. ಇವಳಿಗೆ ಒಂದಾದರೂ ಇವಳ ಮೈಗೇ ಆಗುವ ಬ್ಲೌಸು ಇರಲಿ ಎಂಬ ಹಟ ಬಂತು ನನಗೆ. ಅಳತೆ ಬ್ಲೌಸು ತರಬೇಡ, ಹಾಗೇ ಬಾ, ಆಪಾ ಟೇಪಿನಲ್ಲೇ ಅಳೆಯಲಿ ಅಂದೆ. ಬೇಡ ಬೇಡ ಅನ್ನುತ್ತಲೇ ಬಂದಳು.

ಆಪಾ ಅವಳನ್ನು ಒಳಗೆ ಕರೆದರು. ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಅವಳು ಮುಟ್ಟಲಿಲ್ಲ. ಬಾಗಿಲಿಗೆ ಪರದೆ ಎಳೆದು ಅವಳನ್ನು ಬೆಳಕಿಗೆ ನಿಲ್ಲಿಸಿ ಎದೆಯ ಸುತ್ತ ಟೇಪು ಹಾಕಿದರು. ಟೇಪು ಮುಟ್ಟಿದ್ದೇ ತಡ, ತಂಗಿ ಹೊಟ್ಟೆಯನ್ನು ಬೆನ್ನಿಗೆ ಹತ್ತುವಂತೆ ಎಳೆದುಕೊಂಡು, ಉಸಿರು ಹಿಡಿದು ನಿಂತಳು. ಆಪಾ ಟೇಪು ಸಡಿಲ ಮಾಡಿ ಕಾದರು.

“ಉಸಿರು ಬಿಡು ಬೇಟಾ. ಆರಾಮಾಗಿ ನಿಂತ್ಕೋ,” ಅಂದರು.

ತಂಗಿ ಸ್ವಲ್ಪವೇ ಬಾಯಿ ತೆರೆದಳು. ದನಿ ಗಂಟಲಿನಿಂದಲೇ ಬಂತು.

“ಹಿಂಗೇ ತಗೊಳ್ಳಿ ಆಪಾ. ಅಲ್ಲಿ ನಾನು ಹಿಂಗೇ ಇರೋದು.”

ನಾನು ಎದ್ದು ಹೋಗಿ ಅವಳ ಬೆನ್ನ ಮೇಲೆ ಕೈ ಇಟ್ಟೆ. ಸಾಕು ಕಣೇ, ಇಲ್ಲಿ ಅವರ್ಯಾರೂ ಇಲ್ಲ, ಬಿಡು ಅಂದೆ. ಅಂಗೈ ಕೆಳಗೆ ಬೆನ್ನು ಅಲುಗಲಿಲ್ಲ. ಆಪಾ ಟೇಪನ್ನು ಕೈಗೆ ಸುತ್ತಿಕೊಂಡು, ನಾನು ಅವಳನ್ನು ಹಿಡಿದುಕೊಂಡು, ಅವಳು ಉಸಿರು ಬಿಡುವುದನ್ನು ಕಾಯುತ್ತಾ ನಿಂತೆವು.