ಹುಲ್ಲಿನ ಮೇಲೆ ಒಡೆದ ಬೂದುಗುಂಬಳ

ಕೋಪ ಬಂದಾಗಲೆಲ್ಲ ನಾನು ಲಾನಿಗೆ ಇಳಿಯುತ್ತಿದ್ದೆ. ಜೆ.ಪಿ. ನಗರದ ನಮ್ಮ ಮನೆಯ ಮುಂದೆ, ಗೇಟಿಗೂ ಮೆಟ್ಟಿಲಿಗೂ ನಡುವೆ, ಎರಡು ಕಾರು ನಿಲ್ಲುವಷ್ಟು ಜಾಗವಿದೆ. ಅಕ್ಕಪಕ್ಕದವರೆಲ್ಲ ಅಂಥ ಜಾಗಕ್ಕೆ ಗ್ರಾನೈಟ್ ಹಾಕಿಸಿ ಕಾರು ನಿಲ್ಲಿಸಿದ್ದಾರೆ. ನಾನು ಕಾರನ್ನು ರಸ್ತೆಯಲ್ಲಿ ಬಿಟ್ಟು ಹುಲ್ಲು ಹಾಕಿಸಿದೆ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ ನಾನು. ನನ್ನ ಸಿಟ್ಟೆಲ್ಲ ಈ ಹುಲ್ಲಿಗೇ ಖರ್ಚಾಗುತ್ತದೆ ಎಂದು ವರ್ಷಗಟ್ಟಲೆ ಎದೆಯುಬ್ಬಿಸಿಕೊಂಡು ತಿರುಗಿದ್ದೇನೆ.

ಲಾನ್ ನೋಡಿಕೊಳ್ಳುವುದು ಸಾಧುಗಳ ಕೆಲಸ ಎಂದುಕೊಂಡವರು ಕೊನ್ನಾರಿ ಕಳೆಯ ಗಡ್ಡೆ ಕಿತ್ತವರಲ್ಲ. ಎಳೆದರೆ ಎಲೆಯಷ್ಟೇ ಕೈಗೆ ಬರುತ್ತದೆ, ಗಡ್ಡೆ ನೆಲದಲ್ಲೇ ಉಳಿದು ವಾರದೊಳಗೆ ನಾಲ್ಕಾಗಿ ಏಳುತ್ತದೆ. ಕುರ್ಪಿಯನ್ನು ಹಿಡಿಯವರೆಗೂ ಚುಚ್ಚಿ, ತಿರುವಿ, ಬುಡಸಮೇತ ಎಬ್ಬಿಸಬೇಕು. ಬೇರು ತಿನ್ನುವ ಬಿಳಿ ಹುಳುಗಳನ್ನು ತೋಡಿ ತೆಗೆದು ಕಲ್ಲಿನ ಮೇಲೆ ಚಪ್ಪಲಿಯಲ್ಲಿ ಅರೆಯುತ್ತಿದ್ದೆ. ಅವು ಪಚ್ಚೆಂದು ಒಡೆದಾಗ ಹಿತವೆನಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಬೀದಿನಾಯಿ ಗೇಟಿನೊಳಗೆ ಮೂತಿ ಹಾಕಿದರೆ ಕಲ್ಲು ಬೀಸುತ್ತಿದ್ದೆ, ಗುರಿ ತಪ್ಪುತ್ತಿರಲಿಲ್ಲ. ಅದಕ್ಕೆಲ್ಲ ಪ್ರತಿಫಲವೆಂಬಂತೆ ಹುಲ್ಲು ಹಚ್ಚಹಸಿರಾಗಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹೆಂಡತಿ ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ಕಿ ಸಂಡಿಗೆ ಇಟ್ಟು, ಬಿಸಿಲು ಚೆನ್ನಾಗಿದೆ ಎಂದು ಲಾನಿನ ಮೇಲೆ ಹರಡಿದಳು. ಸಂಜೆ ನೋಡಿದರೆ ಅಡಿಯ ಹುಲ್ಲು ಬೆಂದು ಹಳದಿಯಾಗಿತ್ತು. ಹಾಳೆಯ ಮೂಲೆಗಳನ್ನು ಒಟ್ಟಿಗೆ ಹಿಡಿದು ಸಂಡಿಗೆ ಸಮೇತ ಕಾಂಪೌಂಡಿನಾಚೆ ರಸ್ತೆಗೆ ಎಸೆದೆ. ಅವಳು ರಸ್ತೆಯಲ್ಲಿ ಕೂತು, ಒಡೆಯದೆ ಉಳಿದ ಸಂಡಿಗೆಗಳನ್ನು ಆರಿಸಿಕೊಂಡು ಬಂದಳು.

ಆಯುಧಪೂಜೆಯ ದಿನ ನಮ್ಮಲ್ಲಿ ಕಾರು, ಸ್ಕೂಟರುಗಳ ಜೊತೆ ಹುಲ್ಲು ಕತ್ತರಿಸುವ ಮೆಷಿನ್ನಿಗೂ ಪೂಜೆ. ಹೋದ ವರ್ಷ ಅದನ್ನು ತೊಳೆದು ಲಾನಿನ ನಡುವೆ ನಿಲ್ಲಿಸಿ, ಮೂರು ಪಟ್ಟೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿದೆ. ಬೂದುಗುಂಬಳದ ತಲೆ ಕೊಯ್ದು, ಕುಂಕುಮವನ್ನೂ ಹಿಡಿ ಚಿಲ್ಲರೆಯನ್ನೂ ತುಂಬಿ, ಮೆಷಿನ್ನಿಗೆ ಮೂರು ಸುತ್ತು ನಿವಾಳಿಸಿದೆ. ಅಷ್ಟರಲ್ಲಿ ಹೆಂಡತಿ, "ರೀ, ಅದನ್ನ ಗೇಟ್ ಹತ್ರ ಒಡೀರಿ" ಎಂದಳು.

"ರೋಡಲ್ಲಿ ಒಡೆದ್ರೆ ಗಾಡಿಯವರು ಜಾರಿ ಬೀಳ್ತಾರೆ. ಸುಮ್ನಿರೇ, ನಂಗೊತ್ತು" ಎಂದು ಅಲ್ಲೇ, ಹುಲ್ಲಿನ ಅಂಚಿನ ಕಲ್ಲಿಗೆ ಎತ್ತಿ ಅಪ್ಪಳಿಸಿದೆ. ಕೆಂಪು ತಿರುಳು ಗೋಡೆಯವರೆಗೂ ಚಿಮ್ಮಿತು.

"ಚಿಲ್ರೆ ಎಲ್ಲಾ ಸಿಕ್ತಾ ನೋಡ್ರೀ. ನಾನೊಂದ್ಸಲ ಗುಡಿಸಿಬಿಡ್ಲಾ?"

"ಪೊರಕೆ ತಂದ್ರೆ ಕೈ ಮುರೀತೀನಿ" ಎಂದೆ. ಹುಲ್ಲಿಗೆ ಪೊರಕೆ ತಾಗಿಸಲು ನಾನು ಯಾರನ್ನೂ ಬಿಡುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಚಿಲ್ಲರೆ ಆರಿಸಿಕೊಂಡು ಒಳಗೆ ಹೋದೆ.

ಆಮೇಲೆ ಹತ್ತು ದಿನ ಬಿಟ್ಟುಬಿಟ್ಟು ಮಳೆ. ಹುಲ್ಲು ಪಾದ ಮುಚ್ಚುವಷ್ಟು ಬೆಳೆಯಿತು. ಒದ್ದೆಯಿರುವಾಗ ಕತ್ತರಿಸಬಾರದು, ಒಮ್ಮೆಗೇ ಬುಡಕ್ಕೆ ಇಳಿಸಬಾರದು ಎಂದು ಊರಿಗೆಲ್ಲ ಹೇಳಿಕೊಡುವವನು ನಾನೇ. ಆದರೆ ಅವತ್ತು ಬೆಳಿಗ್ಗೆ ಫೋನಿನಲ್ಲಿ ತಮ್ಮನ ಜೊತೆ ಜಗಳವಾಗಿ ತಲೆ ಕಾದಿತ್ತು. ಬ್ಲೇಡನ್ನು ಪೂರ್ತಿ ಕೆಳಗಿಳಿಸಿ ಮೆಷಿನ್ ನೂಕಿದೆ. ಹೆಂಡತಿ ಕಾಫಿ ಲೋಟ ಹಿಡಿದು ಮೆಟ್ಟಿಲಿಗೆ ಬಂದು, "ಇನ್ನೂ ಒದ್ದೆ ಇದೆಯಲ್ರೀ" ಎಂದಳು. ನಾನು ಇನ್ನೂ ಜೋರಾಗಿ ನೂಕಿದೆ.

ಬ್ಲೇಡಿಗೆ ಏನೋ ಠಣ್ಣೆಂದು ಬಡಿಯಿತು. ಮರುಕ್ಷಣ ಅವಳು ಕೆಳಗಿದ್ದಳು. ಮುಖಕ್ಕೆ ಒತ್ತಿಹಿಡಿದ ಬೆರಳುಗಳ ನಡುವಿನಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಮಳೆಗೂ ಪೂರ್ತಿ ಹೋಗದ ಕುಂಕುಮ ಹತ್ತಿದ್ದ ಐದು ರೂಪಾಯಿಯ ನಾಣ್ಯ ಮೆಟ್ಟಿಲ ಮೇಲೆ ಬಿದ್ದಿತ್ತು. ಆಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಅಲ್ಲಿ ಯಾಕೇ ಬಂದು ನಿಂತೆ?" ಅದನ್ನು ಕಿರುಚಿಯೇ ಹೇಳಿದೆ.

ಟವೆಲ್ ಒತ್ತಿ ಹಿಡಿದು ಕಾರು ಓಡಿಸುವಂತಿರಲಿಲ್ಲ, ಆಟೋ ಹಿಡಿದು ಜಯನಗರದ ಆಸ್ಪತ್ರೆಗೆ ಕರೆದೊಯ್ದೆ. ಕಣ್ಣಿಗೂ ಗಾಯಕ್ಕೂ ಒಂದು ಬೆರಳಿನ ಅಂತರವಿತ್ತು, ಕೆನ್ನೆ ಮೂಳೆ ಕಾಣುವಷ್ಟು ಸೀಳಿತ್ತು. ನಡೆದದ್ದನ್ನು ನಾನೇ ಗಡಿಬಿಡಿಯಲ್ಲಿ ಹೇಳಿದೆ. ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ನನ್ನ ಮುಖ ನೋಡಿ, ಅಂಗಿಯ ಮೇಲಿನ ರಕ್ತ ನೋಡಿ, "ಸಾರ್, ನೀವು ಸ್ವಲ್ಪ ಆಚೆ ಇರಿ" ಎಂದರು.

ನಾನು ಪರದೆಯ ಹೊರಗೆ ನಿಂತೆ.

"ಮೇಡಂ, ನಿಜ ಹೇಳಿ. ಹೆದರ್ಕೋಬೇಡಿ. ಮನೇಲಿ ಹೊಡೀತಾರಾ?"

ಇಲ್ಲ ಎಂಬ ಮಾತಿಗೆ ಕಾದೆ. ಅದು ತಕ್ಷಣ ಬರಬೇಕಿತ್ತು. ಯಾರದೋ ಫೋನ್ ಹೊಡೆದುಕೊಂಡು ನಿಂತಿತು. ವಾರ್ಡ್ ಬಾಯ್ ಒಬ್ಬ ಖಾಲಿ ಸ್ಟ್ರೆಚರ್ ತಳ್ಳಿಕೊಂಡು ಕಾರಿಡಾರಿನ ಆ ತುದಿಯವರೆಗೂ ಹೋದ. ಪರದೆ ಕಿತ್ತೆಸೆದು ಒಳಗೆ ನುಗ್ಗಿ, ಹೇಳೇ, ಎಂದು ಅಬ್ಬರಿಸಬೇಕೆನಿಸಿತು. ಕೊನೆಗೆ ಅವಳ ದನಿ ಕೇಳಿತು.

"ಇಲ್ಲ ಡಾಕ್ಟ್ರೇ. ಮೆಷಿನ್ನಿಂದ ಕಾಯಿನ್ ಹಾರ್ತು."

ಹೊಲಿಗೆ ಹಾಕಿಸಿ ಆಟೋದಲ್ಲಿ ಮರಳುವಾಗ ಬಹಳ ಹೊತ್ತು ತಡೆದುಕೊಂಡೆ. ಆಗಲಿಲ್ಲ. "ತಕ್ಷಣ ಇಲ್ಲ ಅನ್ನೋಕೆ ಏನಾಗಿತ್ತು ನಿಂಗೆ?" ಎಂದೆ. ಆಗಲೂ ನನ್ನ ದನಿಯಲ್ಲಿದ್ದದ್ದು ಸಿಟ್ಟೇ.

ಬಾತ ಕೆನ್ನೆಯಿಂದಾಗಿ ಅವಳು ನಿಧಾನವಾಗಿ ಮಾತಾಡಿದಳು. "ನೆನಪು ಮಾಡ್ಕೋತಿದ್ದೆ ರೀ. ನೀವು ಒಂದ್ಸಲನೂ ಹೊಡೆದಿಲ್ಲ ಅನ್ನೋದನ್ನ ನಂಬೋಕೆ ನಂಗೇ ಸ್ವಲ್ಪ ಹೊತ್ತು ಬೇಕಾಯ್ತು."

ನಾಚಿಕೆಯಿಂದ ಸತ್ತೇ ಹೋದೆ. ನೀರಾದರೂ ಕುಡಿಯಲಿ ಎಂದು ಬಾಟಲಿ ಹಿಡಿದ ಕೈಯನ್ನು ಅವಳ ಕಡೆ ಎತ್ತಿದೆ. ಅವಳು ತಟ್ಟನೆ ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದಳು.