ಎಂಜಿನ್ನಿನ ಸಾಲನ್ನಷ್ಟೇ ಓದಿದವನು

ಡೆಟ್ರಾಯಿಟಿನ ಕಾರಿನ ಕಾರ್ಖಾನೆಯಲ್ಲಿ ಜಿಗ್ಮಂಟ್ ವ್ರೂಬೆಲ್ ಹತ್ತೊಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಪ್ರತಿ ಕಾರಿಗೂ ಯಾವ ಯಾವ ಭಾಗ ಹಾಕಬೇಕೆಂದು ಸಾಲು ಸಾಲಾಗಿ ಬರೆದ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಎಂಜಿನ್ನಿನ ಸಾಲು ಓದಿ, ಅದಕ್ಕೆ ಸರಿಯಾದ ಗೇರುಪೆಟ್ಟಿಗೆ ಜೋಡಿಸಿ ಮುಂದಕ್ಕೆ ತಳ್ಳುವುದು. ಬೀದಿಯಲ್ಲಿ ಯಾವ ಕಾರು ಅರಚಿಕೊಂಡು ಹೋದರೂ ಅದರ ಎಂಜಿನ್ ಯಾವುದು, ಗೇರು ಎಷ್ಟು ಎಂದು ಪಿಯೆರೋಗಿ ಕಡುಬು ತಿನ್ನುತ್ತಲೇ ಹೇಳುತ್ತಿದ್ದ. ಆ ಜಂಬವೇ ಅವನನ್ನು ಕೆಡಿಸಿತು ಎಂದರೆ ನಾನೇನೂ ಅನ್ಯಾಯ ಮಾಡಿದಂತಾಗುವುದಿಲ್ಲ.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ತಮ್ಮ ತಾಡೆಕ್ ವಿಯೆಟ್ನಾಮಿನ ಯುದ್ಧದಿಂದ ಜೀವಂತ ಬಂದ. ನೌಕರರ ರಿಯಾಯಿತಿಯಲ್ಲಿ ಅವನಿಗೊಂದು ಕಾರು ಕೊಳ್ಳುವ ಅರ್ಜಿ ಅಡುಗೆಮನೆಯ ಮೇಜಿನ ಮೇಲೆ ಹರಡಿತ್ತು.

"ಅಣ್ಣಾ, ಮುನ್ನೂರ ಎಪ್ಪತ್ತೈದು ಕುದುರೆಶಕ್ತಿ ಎಂಜಿನ್ನೇ ಹಾಕ್ಸು. ನಾಲ್ಕು ಗೇರು. ಆಟೋಮ್ಯಾಟಿಕ್ಕೆಲ್ಲ ನಿನ್ನಂಥ ಮುದುಕರಿಗೆ."

"ಮುಚ್ಚೋ ಬಾಯಿ! ಇದರಲ್ಲಿ ಸಾಯೋಕೇನೋ ಅಲ್ಲಿಂದ ಬದುಕಿ ಬಂದಿದ್ದು?"

"ಬದುಕಿ ಬಂದೋನು ಕೇಳ್ತಿದಾನೆ, ಬರಕೊಡ್ರೀ ಸುಮ್ನೆ," ಎಂದಳು ಹೆಂಡತಿ ಹೆಲ್ಚಾ.

ಬರೆದುಕೊಟ್ಟ. ಮರುದಿನ ಕಾರ್ಖಾನೆಯ ಕಚೇರಿಗೆ ಹೋಗಿ, ಅರ್ಜಿಯಲ್ಲಿ ದೊಡ್ಡ ಎಂಜಿನ್ ಹೊಡೆದುಹಾಕಿ ಇನ್ನೂರ ಮೂವತ್ತು ಕುದುರೆಶಕ್ತಿಯದ್ದನ್ನು ಬರೆದ. ತಮ್ಮ ಉಳಿಯಲಿ, ಅಷ್ಟೇ ಅವನಿಗೆ ಬೇಕಿದ್ದದ್ದು.

ಕಾರು ಬಂದಾಗ ತಾಡೆಕ್ ಕೀಲಿ ತಿರುಗಿಸಿ ಒಂದು ಗಳಿಗೆ ಆಲಿಸಿದ. ಆಮೇಲೆ ಬಿದ್ದು ಬಿದ್ದು ನಕ್ಕ. "ಗುಡುಗ್ತಿಲ್ಲ ಕಣೋ ಇದು, ಕೆಮ್ತಿದೆ! ನೀನು ಅಣ್ಣ ಅಲ್ಲ, ನಮ್ಮಮ್ಮ." ಜಗಳವಾಡಲಿಲ್ಲ. ಜಿಗ್ಮಂಟ್ ಏಳು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದ.

ಎಂಟನೇ ತಿಂಗಳು ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ತಾಡೆಕ್‌ನ ಕಾರು ನಿಂತಿದ್ದ ಲಾರಿಗೆ ನುಗ್ಗಿತು. ಪಕ್ಕದಲ್ಲಿದ್ದ ಗೆಳೆಯ ಉಳಿದ. "ವೇಗವಾಗಿ ಬರ್ತಾ ಮೂರು ಸಲ ಜೋರಾಗಿ ಬ್ರೇಕ್ ಒತ್ತಿದ್ದ. ಸುಟ್ಟ ವಾಸನೆ ಬಂತು. ನಾಲ್ಕನೇ ಸಲಕ್ಕೆ ಹಿಡೀಲೇ ಇಲ್ಲ," ಎಂದ ಆಸ್ಪತ್ರೆಯ ಹಾಸಿಗೆಯಿಂದ.

ತಮ್ಮನನ್ನು ಮಣ್ಣು ಮಾಡಿದ ಮೂರನೇ ದಿನ ಜಿಗ್ಮಂಟ್ ಆ ಕಾರು ಬಿದ್ದಿದ್ದ ಗುಜರಿಗೆ ಹೋದ. ಕೆಲಸ ಮುಗಿದ ಮೇಲೆ ಚೀಟಿಯನ್ನು ಹಿಂದಿನ ಸೀಟಿನ ಸ್ಪ್ರಿಂಗಿಗೆ ಸಿಕ್ಕಿಸಿಬಿಡುವುದು ಕಾರ್ಖಾನೆಯವರ ರೂಢಿ. ಕೈ ಹಾಕಿದ, ಸಿಕ್ಕಿತು. ಎಂಜಿನ್ನಿನ ಸಾಲಿನಲ್ಲಿ ಅವನೇ ತಿದ್ದಿ ಬರೆದ ಸಂಖ್ಯೆ. ಕೆಳಗೆ ಬ್ರೇಕಿನ ಸಾಲು: ನಾಲ್ಕೂ ಚಕ್ರಕ್ಕೆ ಡ್ರಂ ಬ್ರೇಕ್. ಪದೇ ಪದೇ ಒತ್ತಿದರೆ ಕಾದು ಹಿಡಿತ ಬಿಡುವ ಡ್ರಂ.

ದೊಡ್ಡ ಎಂಜಿನ್ ಕೇಳಿದವರಿಗೆ ಮುಂದಿನ ಚಕ್ರಗಳಿಗೆ ಅಷ್ಟು ಸುಲಭಕ್ಕೆ ಹಿಡಿತ ಬಿಡದ ಡಿಸ್ಕ್ ಬ್ರೇಕ್ ಕೇಳದೆಯೇ ಬರುತ್ತಿತ್ತು, ಚಿಕ್ಕದಕ್ಕೆ ಇಲ್ಲ. ಅದು ನಿಯಮ. ಆದರೆ ಬ್ರೇಕು ಬೇರೆ ವಿಭಾಗದವರ ಕೆಲಸ, ಹತ್ತೊಂಬತ್ತು ವರ್ಷದಲ್ಲಿ ಇವನು ಒಂದು ದಿನವೂ ಚೀಟಿಯನ್ನು ಅಲ್ಲಿಯವರೆಗೆ ಓದಿರಲಿಲ್ಲ. ಎಂಥ ಕರ್ಮ! ಆ ಎಣ್ಣೆ ಕೆಸರಿನಲ್ಲೇ ಕೂತು ಚೀಟಿಯನ್ನು ಕೊನೆಯ ಸಾಲಿನವರೆಗೆ ಓದಿದ.

"ಒಳ್ಳೇದಕ್ಕೇ ಅಲ್ವಾ ನೀವು ಮಾಡಿದ್ದು?" ಎಂದು ಹೆಲ್ಚಾ ಎಷ್ಟೋ ಸಲ ಅಂದಳು.

ಆಮೇಲೂ ಹನ್ನೊಂದು ವರ್ಷ ದುಡಿದ. ಪ್ರತಿ ಚೀಟಿಯನ್ನೂ ತುದಿಯವರೆಗೆ ಬೆರಳಿಟ್ಟು ಓದುತ್ತಿದ್ದ, ಹಿಂದಿನವರ ಕೆಲಸ ನಿಂತುಬಿಡುತ್ತಿತ್ತು.

"ಏನಯ್ಯಾ, ಬೈಬಲ್ ಓದ್ತಿದೀಯಾ? ನಿನ್ನ ಸಾಲು ಮೇಲಿದೆ!" ಎಂದು ಮೇಸ್ತ್ರಿ ಅರಚುತ್ತಿದ್ದ.

"ಗೊತ್ತು ಸಾರ್," ಎನ್ನುತ್ತಿದ್ದ ಜಿಗ್ಮಂಟ್. "ನನ್ನ ತಮ್ಮಂದು ಕೆಳಗಿದೆ."