ಕೋಡಿ ಮೇಲಿನ ಹೆಂಟೆ ಯಾರದ್ದು

ಸಾವಿರದ ಒಂಬೈನೂರ ನಲವತ್ತಾರರಲ್ಲಿ ನಾನು ಹಲಸೂರಿಗೂ ಕೃಷ್ಣರಾಜಪುರಕ್ಕೂ ನಡುವಿನ ಒಂದು ಕೆರೆಯ ನೀರಗಂಟಿ ಕೆಲಸ ಮಾಡುತ್ತಿದ್ದೆ. ನೀರಗಂಟಿ ಎಂದರೆ ಕೆರೆ ಕಾಯುವವರು. ತೂಬು ಎತ್ತಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡಬೇಕು, ಏರಿಯಲ್ಲಿ ಏಡಿ ಬಿಲ ಕೊರೆದಿದ್ದರೆ ಮಣ್ಣು ತುಂಬಿ ತುಳಿಯಬೇಕು, ಮಳೆಗಾಲದಲ್ಲಿ ನೀರು ಎಲ್ಲಿಯ ತನಕ ಬಂತೆಂದು ನೋಡಿ ಪಟೇಲರಿಗೆ ಹೇಳಬೇಕು. ಹೆಂಗಸರ ಕೆಲಸವಲ್ಲ. ನನ್ನ ಗಂಡ ಮುನಿಶಾಮಿ ಚಳಿಜ್ವರದಲ್ಲಿ ಹೋದ ಮೇಲೆ ಕೆಲಸ ಅವನ ತಮ್ಮನ ಹೆಸರಿಗೆ ಬಂತು. ತಮ್ಮ ಯುದ್ಧದ ಕಾಲದಲ್ಲಿ ಮಿಲಿಟರಿ ಕೂಲಿಗೆ ಸೇರಿ ಬರ್ಮಾ ಕಡೆ ಹೋದವನು, ಯುದ್ಧ ಮುಗಿದರೂ ತಿರುಗಿ ಬರಲಿಲ್ಲ. ಹೆಸರು ಅವನದು, ಸನಿಕೆ ನನ್ನದು. ಕೆಲಸ ಬಿಟ್ಟರೆ ಅದಕ್ಕೆಂದು ಕೊಟ್ಟಿದ್ದ ತುಂಡು ಹೊಲವೂ ಹೋಗುತ್ತಿತ್ತು. ನನಗೆ ಬೇರೆ ಅನ್ನವಿರಲಿಲ್ಲ.

ಒಂಟಿ ಕೆಲಸ ಅದು. ನಮ್ಮದು ಊರಾಚೆಯ ಕೇರಿ. ಊರಿನವರಿಗೆ ನೀರು ಬೇಕಾದರೆ ದೂರ ನಿಂತು ಕೂಗುತ್ತಿದ್ದರು, ನಾನೂ ಕೂಗಿ ಉತ್ತರ ಕೊಡುತ್ತಿದ್ದೆ. ನಮ್ಮ ಕೇರಿಯ ಹೆಂಗಸರು ಗಂಡಸಿನ ಕೆಲಸ ಮಾಡುವವಳ ಹತ್ತಿರ ಏನು ಮಾತಾಡುವುದೆಂದು ತಿಳಿಯದೆ ದೂರವಾದರು. ಬೆಳಗ್ಗೆ ಏರಿ ಹತ್ತಿದರೆ ಸಂಜೆ ಇಳಿಯುವ ತನಕ ಬಾಯಿ ತೆರೆಯದ ದಿನಗಳೇ ಹೆಚ್ಚು.

ಏರಿಯ ಒಂದು ತುದಿಗೆ ಕೋಡಿ ಇತ್ತು. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗಲೆಂದು ಕಲ್ಲಿನಲ್ಲಿ ಕಟ್ಟಿದ ತಗ್ಗು ಗೋಡೆ ಅದು. ಅದರ ಮೇಲೆ ಸಾಲಾಗಿ ಮೋಟು ಕಲ್ಲುಗಳನ್ನು ನೆಟ್ಟಿದ್ದರು. ಬೇಸಿಗೆ ಭತ್ತಕ್ಕೆ ನೀರು ಉಳಿಯಲಿ ಎಂದು ಊರಿನವರು ಆ ಕಲ್ಲುಗಳ ನಡುವೆ ಹುಲ್ಲು ಸಮೇತ ಅಗೆದ ಮಣ್ಣಿನ ಹೆಂಟೆಗಳನ್ನು ಮೆತ್ತುತ್ತಿದ್ದರು. ಅದರಿಂದ ಮೊಣಕಾಲೆತ್ತರ ನೀರು ಹೆಚ್ಚಿಗೆ ನಿಲ್ಲುತ್ತಿತ್ತು. ಆದರೆ ದೊಡ್ಡ ಮಳೆ ಬಂದರೆ ಹೆಂಟೆ ತೆಗೆಯಲೇಬೇಕು, ಇಲ್ಲದಿದ್ದರೆ ನೀರು ಏರಿಯ ತಲೆ ಹತ್ತುತ್ತದೆ. ಮಣ್ಣಿನ ಏರಿ ಮೇಲೆ ನೀರು ಹರಿಯತೊಡಗಿದರೆ ಆಮೇಲೆ ಏರಿ ಇರುವುದಿಲ್ಲ, ಕೆಳಗೆ ಇರುವವರೂ ಇರುವುದಿಲ್ಲ.

ಕೋಡಿಯ ಕಾಲುವೆ ಇಳಿದು ಹೋದರೆ ಒಂದು ಗಡಿಕಲ್ಲು. ಕಲ್ಲಿನ ಈಚೆ ಮೈಸೂರು ಸರ್ಕಾರ, ಆಚೆ ದಂಡು, ಅಂದರೆ ಬ್ರಿಟಿಷರ ಕೈಯಲ್ಲಿದ್ದ ಕಂಟೋನ್ಮೆಂಟ್. ಆಚೆಯ ತಗ್ಗಿನಲ್ಲಿ ಒಂದು ಇಟ್ಟಿಗೆ ಗೂಡು, ಅದರ ಪಕ್ಕ ಅಚ್ಚಿನಲ್ಲಿ ಇಟ್ಟಿಗೆ ಕೊಯ್ಯುವವರ ಗುಡಿಸಲುಗಳು. ಅಲ್ಲಿದ್ದವಳು ಕುಪ್ಪಮ್ಮ. ತಮಿಳಿನವಳು, ನನ್ನ ವಯಸ್ಸಿನವಳೇ. ಇಟ್ಟಿಗೆ ಅಚ್ಚು ತೊಳೆಯಲು ಕಾಲುವೆಗೆ ಬಂದಾಗ ಈಚೆ ಕಡೆ ನೋಡಿ ಕೇಳುತ್ತಿದ್ದಳು.

“ಅಕ್ಕಾ, ಎಲೆ ಇದ್ಯಾ?”

“ನಿಮ್ಮ ದಂಡಿನಲ್ಲಿ ಎಲೆ ಸಿಗಲ್ವಾ?”

“ಸಿಗುತ್ತೆ. ಸುಣ್ಣ ಹಚ್ಚಿ ಕೊಡೋರು ಸಿಗಲ್ಲ.”

ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಆಚೆ ಎಸೆಯುತ್ತಿದ್ದೆ. ಒಮ್ಮೊಮ್ಮೆ ನೀರಿಗೆ ಬೀಳುತ್ತಿತ್ತು. “ಗುರಿ ನೋಡು, ಇವಳು ಕೆರೆ ಕಾಯ್ತಾಳಂತೆ” ಎಂದು ನಗುತ್ತಿದ್ದಳು. ಆ ಕಾಲದಲ್ಲಿ ನನ್ನ ಹತ್ತಿರ ನಗುತ್ತಿದ್ದವಳು ಅವಳೊಬ್ಬಳೇ.

ಆ ವರ್ಷ ಹಿಂಗಾರು ಬಿಡದೆ ಹಿಡಿಯಿತು. ಒಂದು ಬುಧವಾರ ಬೆಳಗ್ಗೆ ಹೋಗಿ ನೋಡಿದರೆ ನೀರು ಹೆಂಟೆಗಳ ತಲೆ ಮುಟ್ಟಿತ್ತು. ಏರಿಯಲ್ಲಿ ದನ ಇಳಿದು ಸವೆದ ಒಂದು ತಗ್ಗು ಇತ್ತು. ನೀರಿಗೂ ಆ ತಗ್ಗಿಗೂ ಒಂದು ಗೇಣು ಉಳಿದಿತ್ತು, ಆಕಾಶ ಇನ್ನೂ ಕಪ್ಪಾಗಿತ್ತು. ಪಟೇಲರ ಮನೆಗೆ ಹೋಗಿ ಬೀದಿಯಲ್ಲಿ ನಿಂತೆ.

“ಹೆಂಟೆ ತೆಗೀಬೇಕು ಸ್ವಾಮಿ.”

“ಶುಕ್ರವಾರ ಗಂಗಮ್ಮನ ಪೂಜೆ ಐತೆ. ಅಲ್ಲೀಗಂಟ ಕೋಡಿ ಮುಟ್ಟಂಗಿಲ್ಲ, ನಿಂಗೆ ಗೊತ್ತಿಲ್ವಾ?”

ಗೊತ್ತಿತ್ತು. ತುಂಬಿದ ಕೆರೆಯನ್ನು ನಮ್ಮ ಕಡೆ ತುಂಬು ಬಸುರಿಯಂತೆ ನೋಡುತ್ತಾರೆ. ಅರಿಸಿನ, ಕುಂಕುಮ, ಬಳೆ ಕೊಟ್ಟು ಮಡಿಲು ತುಂಬದೆ ಅವಳ ನೀರು ಹೊರಗೆ ಬಿಡುವುದು ಅಪಶಕುನ. ಬೇರೆ ವರ್ಷಗಳಲ್ಲಿ ಇದರಿಂದ ತೊಂದರೆಯಾಗಿರಲಿಲ್ಲ, ಏಕೆಂದರೆ ಆ ವರ್ಷಗಳಲ್ಲಿ ಮಳೆ ಕಾದಿತ್ತು.

“ಅಷ್ಟರಲ್ಲಿ ಏರಿ ಹೋದ್ರೆ ಪೂಜೆ ಯಾವುದಕ್ಕೆ ಮಾಡ್ತೀರಿ?”

“ನಾಲಿಗೆ ಉದ್ದ ಆಯ್ತಮ್ಮಿ ನಿಂದು. ಅದೂ ಅಲ್ದೆ ಕೋಡಿ ಕಲ್ಲಿಂದು. ಕಲ್ಲು ಸರ್ಕಾರದ್ದು. ಹೋಗಿ ಓವರ್‌ಸಿಯರ್‌ನ ಕೇಳು. ನನ್ನ ಮಾತು ಮೀರಿ ಕೈ ಹಾಕಿದ್ರೆ ಆ ಹೊಲ ಬೇರೆಯೋರಿಗೆ ಹೋಗ್ತದೆ.”

ಇಲ್ಲಿ ಒಂದು ನಿಯಮ ಹೇಳಬೇಕು. ಆಗಿನ ಕೆರೆಗಳಲ್ಲಿ ಮಣ್ಣಿನ ಕೆಲಸ ಊರಿನವರದು, ಕಲ್ಲುಗಾರೆಯ ಕೆಲಸ ಸರ್ಕಾರದ್ದು. ಏರಿ ಸವೆದರೆ ಊರಿನವರು ಮಣ್ಣು ಹಾಕಬೇಕು, ತೂಬು, ಕೋಡಿ ಕೆಟ್ಟರೆ ಸರ್ಕಾರ ಸರಿಮಾಡಬೇಕು. ಕೇಳಲು ಚೆನ್ನಾಗಿದೆ. ಕಲ್ಲಿನ ಮೇಲೆ ಮಣ್ಣು ಇಟ್ಟರೆ ಅದು ಯಾರದ್ದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಕೃಷ್ಣರಾಜಪುರದಲ್ಲಿ ಓವರ್‌ಸಿಯರ್ ಸಿಕ್ಕಿದರು. ಕೆರೆಗಳ ಕೆಲಸ ನೋಡಿಕೊಳ್ಳುವ ಸರ್ಕಾರದ ಮನುಷ್ಯ. ಕೊಡೆ ಮಡಿಸುತ್ತಾ ನನ್ನ ಮಾತು ಕೇಳಿದರು.

“ಹೆಂಟೆ ಮಣ್ಣೋ ಕಲ್ಲೋ?”

“ಮಣ್ಣು ಸ್ವಾಮಿ.”

“ಮಣ್ಣು ಯಾರ್ದು?”

“ಊರಿಂದು. ಆದ್ರೆ ಇರೋದು ಕಲ್ಲಿನ ಮೇಲೆ.”

“ನಾನು ಇಟ್ಟೆನಾ?”

ಅಷ್ಟು ಹೇಳಿ ಒಳಗೆ ಹೊರಟವರು ತಿರುಗಿ ಇನ್ನೊಂದು ಮಾತು ಹೇಳಿದರು. “ಕೆಳಗೆ ದಂಡಿನ ಜಾಗ ಇದೆ. ಅವರಿಗೆ ಮುಂಚೆ ತಿಳಿಸದೆ ನೀರು ಬಿಟ್ಟರೆ ಅದು ದೊಡ್ಡ ತಪ್ಪಾಗುತ್ತೆ, ನೋಡ್ಕೋ.”

ತಿಳಿಸೋಣ ಎಂದು ದಂಡಿಗೆ ನಡೆದೆ. ಮೈಯೆಲ್ಲ ಒದ್ದೆ. ಅಲ್ಲಿಯ ಒಂದು ಕಛೇರಿಯಲ್ಲಿ ಜವಾನ ಉರ್ದುವಿನಲ್ಲಿ ಏನೋ ಗದರಿದ, ಗುಮಾಸ್ತ ಹೊರಗೆ ಬಂದ.

“ನೀನು ಯಾವ ಸರ್ಕಾರದವಳಮ್ಮ?”

“ಮೈಸೂರು.”

“ಮೈಸೂರು ನೀರಿನ ಸುದ್ದಿ ನಮಗ್ಯಾಕೆ?”

“ನಿಮ್ಮ ಕಡೆ ಬರ್ತೈತೆ.”

“ಬಂದ ಮೇಲೆ ಬಾ.”

ಜವಾನ ನಕ್ಕ. ಗುಮಾಸ್ತ ಕೆಟ್ಟವನೇನಲ್ಲ. ಅವರ ನಕ್ಷೆಯಲ್ಲಿ ಕಾಲುವೆ ಗಡಿಕಲ್ಲಿನಿಂದಲೇ ಶುರುವಾಗುತ್ತದೆ, ಮೇಲೆ ಕೆರೆಯೇ ಇಲ್ಲ ಎಂದು ತಿಳಿಸಿ ಹೇಳಿದ. ಇಲ್ಲದ ಕೆರೆಯ ನೀರು ನನ್ನ ಸೀರೆಯಿಂದ ಅವನ ಮೆಟ್ಟಿಲ ಮೇಲೆ ಸುರಿಯುತ್ತಿತ್ತು.

ಹಿಂದಿರುಗುವಾಗ ಮಧ್ಯಾಹ್ನ ಇಳಿದಿತ್ತು. ಏರಿಯ ತಗ್ಗಿನಲ್ಲಿ ನೀರು ತೆಳ್ಳಗೆ ಜಿನುಗತೊಡಗಿತ್ತು. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ. ಕೋಡಿ ಬಿಚ್ಚಿದರೆ ನನ್ನ ಹೊಲ ಹೋಗುತ್ತದೆ, ಬಿಚ್ಚದಿದ್ದರೆ ಏರಿ ಒಡೆದು ಕೆಳಗಿನ ಗುಡಿಸಲುಗಳಲ್ಲಿ ಒಂದು ಜೀವವೂ ಉಳಿಯುವುದಿಲ್ಲ. ಮೊದಲು ಕಾಲುವೆಯ ಹತ್ತಿರ ಓಡಿದೆ. ಕುಪ್ಪಮ್ಮ ಮಳೆಯಲ್ಲೇ ಅಚ್ಚು ತೊಳೆಯುತ್ತಿದ್ದಳು.

“ಕುಪ್ಪಮ್ಮ, ಕೋಡಿ ಬಿಚ್ತೀನಿ. ಎಲ್ಲರನ್ನೂ ಎಬ್ಬಿಸ್ಕೊಂಡು ದಿಣ್ಣೆ ಮೇಲಕ್ಕೆ ಹೋಗು.”

“ಹಸಿ ಇಟ್ಟಿಗೆ ಇದೆ ಅಕ್ಕಾ. ಗೂಡಿಗೆ ಇನ್ನೂ ಬೆಂಕಿ ಹಾಕಿಲ್ಲ. ಮೇಸ್ತ್ರಿ ಬಿಡಲ್ಲ.”

“ಮೇಸ್ತ್ರಿ ನೀರು ಕುಡೀಲಿ. ನೀನು ಹೋಗು.”

“ಸೆರಿ, ಹೇಳ್ತೀನಿ,” ಎಂದಳು. ಅಚ್ಚು ಎತ್ತಿಕೊಂಡು ಗುಡಿಸಲುಗಳ ಕಡೆ ಹೋದದ್ದನ್ನು ನೋಡಿದೆ.

ನಾನು ಕೋಡಿಗೆ ಬಂದೆ. ಹೆಂಟೆಗಳನ್ನು ಒಟ್ಟಿಗೆ ಕೀಳಬಾರದು, ಕಾಲುವೆ ತಡೆಯುವುದಿಲ್ಲ. ಏರಿಯಿಂದ ದೂರದ ತುದಿಯಲ್ಲಿ ಮೊದಲನೆಯದನ್ನು ಸನಿಕೆಯಿಂದ ಬಿಡಿಸಿದೆ. ನೀರು ಹಸುವಿನ ನಾಲಿಗೆಯಂತೆ ಹೊರಗೆ ಚಾಚಿತು. ಅದು ನಿಧಾನವಾದ ಮೇಲೆ ಎರಡನೆಯದು. ಒಂದು ಕೈಯಲ್ಲಿ ಕಲ್ಲು ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಕೆಲಸ. ಊರಿನ ಕಡೆ ಇಬ್ಬರು ಮೂವರು ಬಂದು ನಿಂತು ನೋಡಿದರು. ಒಬ್ಬ ಬೈದ. ಯಾರೂ ಹತ್ತಿರ ಬರಲಿಲ್ಲ, ತಡೆಯಲೂ ಇಲ್ಲ. ತಡೆಯಬೇಕಾದರೆ ನನ್ನನ್ನು ಮುಟ್ಟಬೇಕಿತ್ತು. ಆ ಒಂದು ದಿನ ಅವರ ಮಡಿ ಕೆರೆಯನ್ನು ಉಳಿಸಿತು.

ಏರಿ ನಿಂತಿತು. ತಗ್ಗಿನ ಗುಡಿಸಲುಗಳಿಗೆ ಸೊಂಟದ ತನಕ ನೀರು ನುಗ್ಗಿತು. ಜನ ಕೊನೆಯ ಗಳಿಗೆಯಲ್ಲಿ ದಿಣ್ಣೆ ಹತ್ತಿ ಉಳಿದರು, ಒಬ್ಬರೂ ಸಾಯಲಿಲ್ಲ. ಕೊಯ್ದಿಟ್ಟ ಇಟ್ಟಿಗೆಯೆಲ್ಲ ಮತ್ತೆ ಕೆಸರಾಯಿತು. ಊರಿನವರಿಗೆ ಬೇಸಿಗೆ ಭತ್ತದ ನೀರು ಹೋದ ಸಿಟ್ಟು, ಇಟ್ಟಿಗೆಯವರಿಗೆ ಇಟ್ಟಿಗೆ ಹೋದ ಸಿಟ್ಟು. ಒಡೆಯದ ಏರಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಗೂಡಿನ ಮೇಸ್ತ್ರಿ ದಂಡಿನ ಕಛೇರಿಗೆ ದೂರು ಕೊಟ್ಟ. ದಂಡಿನವರು ಮೈಸೂರಿಗೆ ಬರೆದರು. ನೀರು ಇಳಿದ ಮೇಲೆ ಅಮಲ್ದಾರರು, ಅಂದರೆ ತಾಲ್ಲೂಕಿನ ಅಧಿಕಾರಿ, ವಿಚಾರಣೆಗೆ ಬಂದರು. ಏರಿಯ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದರು. ಪಟೇಲರು, ಓವರ್‌ಸಿಯರ್, ದಂಡಿನ ಗುಮಾಸ್ತ, ಮೇಸ್ತ್ರಿ, ಇಟ್ಟಿಗೆಯವರು ಎಲ್ಲ ಒಂದು ಕಡೆ. ನಾನು ಬಿಸಿಲಿನಲ್ಲಿ.

“ಯಾರ ಅಪ್ಪಣೆ ಮೇಲೆ ಕೋಡಿ ಬಿಚ್ಚಿದೆಯಮ್ಮ?”

“ಯಾರೂ ಕೊಡಲಿಲ್ಲ ಸ್ವಾಮಿ. ಮೂರು ಕಡೆ ಕೇಳಿದೆ. ಮೂವರೂ ಇಲ್ಲೇ ಅವ್ರೆ.”

ಅಮಲ್ದಾರರು ವಯಸ್ಸಾದವರು, ಕೂಗಾಡುವ ಮನುಷ್ಯನಲ್ಲ. ಒಬ್ಬೊಬ್ಬರನ್ನೇ ಕೇಳಿದರು. ಕೇಳಿ ಮುಗಿಸಿ ಕಾನೂನು ಬಿಡಿಸಿ ಹೇಳಿದರು. ಕೋಡಿ ಸರ್ಕಾರದ್ದು, ಅದರ ಮೇಲೆ ಮಣ್ಣು ಇಟ್ಟದ್ದು ಊರಿನ ತಪ್ಪು. ಯಾರೇ ಇಟ್ಟಿರಲಿ, ಮಳೆಗೆ ಮುಂಚೆ ಬಂದು ನೋಡಿ ತೆಗೆಸಬೇಕಾದದ್ದು ಓವರ್‌ಸಿಯರ್ ಕರ್ತವ್ಯ. ಗಡಿಯ ಆಚೆ ಇರಲಿ ಈಚೆ ಇರಲಿ, ಕೆಳಗೆ ವಾಸ ಇರುವವರಿಗೇ ಮುಂಚಿತವಾಗಿ ತಿಳಿಸುವುದು ನೀರು ಬಿಡುವವರ ಕರ್ತವ್ಯ, ಕಛೇರಿಗೆ ಹೇಳಿದ್ದು ಸಾಲದು. ತಿಳಿಸದೆ ಬಿಟ್ಟಿದ್ದರೆ ಮೈಸೂರು ಸರ್ಕಾರ ಇಟ್ಟಿಗೆಯ ನಷ್ಟ ತುಂಬಿಕೊಡಬೇಕು, ಬಿಟ್ಟವರಿಗೆ ಶಿಕ್ಷೆಯಾಗಬೇಕು. ತಿಳಿಸಿದ್ದರೆ ನಷ್ಟ ಗೂಡಿನವರದೇ.

ಆಮೇಲೆ ಕುಪ್ಪಮ್ಮನನ್ನು ಕರೆದರು. ಕಾಲುವೆಯ ಹತ್ತಿರ ಇದ್ದವಳು ಅವಳೇ ಎಂದು ನಾನು ಹೇಳಿದ್ದೆ.

“ನೀರು ಬರುತ್ತೆ ಅಂತ ನಿನಗೆ ಯಾರಾದರೂ ಹೇಳಿದರಾ?”

ಅವಳು ಮೇಸ್ತ್ರಿಯ ಕಡೆ ನೋಡಿದಳು. ನಷ್ಟ ಗೂಡಿನ ಪಾಲಿಗೆ ಬಂದರೆ ಅದು ಕೊಯ್ದವರ ಕೂಲಿಯಿಂದಲೇ ಹೋಗುತ್ತದೆ, ಇದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಅವಳ ಹಿಂದೆ ಗುಡಿಸಲುಗಳ ಜನವೆಲ್ಲ ನಿಂತಿದ್ದರು. ಅವಳು ನನ್ನ ಕಡೆ ನೋಡಲಿಲ್ಲ.

“ಇಲ್ಲ ಸಾಮಿ. ಯಾರೂ ಹೇಳಿಲ್ಲ.”

“ಹೇಳಿದೆ,” ಎಂದೆ. “ಕಾಲುವೆ ಈಚೆ ನಿಂತು ಹೇಳಿದೆ. ಇವಳು ಅಚ್ಚು ತೊಳೀತಿದ್ಲು.”

“ಜೊತೆಯಲ್ಲಿ ಯಾರಿದ್ದರು? ಸಾಕ್ಷಿ?”

ಆ ಏರಿ ಮೇಲೆ ನನ್ನ ಜೊತೆ ಯಾರೂ ಎಂದೂ ನಿಂತವರಲ್ಲ. ಸಾಕ್ಷಿಯನ್ನು ಎಲ್ಲಿಂದ ತರುವುದು?

ಶಿಕ್ಷೆ ಬರೆಯಲು ಅಮಲ್ದಾರರು ನೀರಗಂಟಿಯ ಹೆಸರು ಕೇಳಿದರು. ಊರಿನ ಲೆಕ್ಕ ಬರೆಯುವ ಶಾನುಭೋಗರು ನನ್ನ ಮೈದುನನ ಹೆಸರು ಹೇಳಿದರು. “ಅವನೆಲ್ಲಿ?” ಎಂದರು. ಯಾರಿಗೂ ಗೊತ್ತಿಲ್ಲ. ಅಮಲ್ದಾರರು ಲೇಖನಿ ಕೆಳಗಿಟ್ಟರು.

“ಹಾಗಾದರೆ ಈ ಹೆಂಗಸಿಗೆ ಇಲ್ಲಿ ಯಾವ ಕರ್ತವ್ಯವೂ ಇಲ್ಲ. ಇಲ್ಲದ ಕರ್ತವ್ಯಕ್ಕೆ ತಪ್ಪಿದಳು ಅಂತ ಶಿಕ್ಷೆ ಕೊಡೋಕೆ ಆಗಲ್ಲ.”

ಪಾರಾದೆ ಎಂದು ಖುಷಿಪಡಬೇಕಿತ್ತೇನೋ. ಅಷ್ಟು ವರ್ಷ ಅಲ್ಲಿ ಸನಿಕೆ ಹಿಡಿದು ನಿಂತವಳು ಯಾರೂ ಅಲ್ಲ ಎಂದು ಎಲ್ಲರೆದುರು ತೀರ್ಮಾನವಾಯಿತು. ಬೈಸಿಕೊಂಡಿದ್ದರೆ ವಾಸಿ ಇತ್ತು.

ಇಟ್ಟಿಗೆಯವರಿಗೆ ಪರಿಹಾರ ಸಿಕ್ಕಿತು. ಅಪ್ಪಣೆಯೂ ಆಯಿತು: ಇನ್ನು ಕೋಡಿ ಮೇಲೆ ಹೆಂಟೆ ಇಡಬಾರದು, ಮಳೆಗೆ ಮುಂಚೆ ಓವರ್‌ಸಿಯರ್ ಬಂದು ನೋಡಬೇಕು, ಕೋಡಿ ಬೀಳುವ ಮುಂಚೆ ಗಡಿಯ ಎರಡೂ ಕಡೆ ಕೇಳುವಂತೆ ತಮಟೆ ಹೊಡೆಸಬೇಕು. ನೀರಗಂಟಿ ಕೆಲಸಕ್ಕೆ ಬೇರೆಯವರನ್ನು ಹುಡುಕಿ ಎಂದು ಪಟೇಲರಿಗೆ ಹೇಳಿದರು. ಪಟೇಲರು ಹುಡುಕಿದರು. ಹೊಣೆ ಹೊರುವ ಕೆಲಸ ಎಂದು ತಿಳಿದ ಮೇಲೆ ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಹೊಲ ನನ್ನ ಹತ್ತಿರವೇ ಉಳಿಯಿತು.

ಕೆಲವು ದಿನಗಳಾದ ಮೇಲೆ ಕುಪ್ಪಮ್ಮ ಕಾಲುವೆಗೆ ಬಂದಳು. ಅಚ್ಚು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

“ಅಕ್ಕಾ, ಎಲೆ ಇದ್ಯಾ?”

ಸೆರಗಿನಲ್ಲಿ ಇತ್ತು. “ಇಲ್ಲ” ಎಂದೆ.

ಅವಳು ತಲೆಯಾಡಿಸಿದಳು. ಮತ್ತೆ ಎಂದೂ ಕೇಳಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿತ್ತು, ಅವಳ ಜಾಗದಲ್ಲಿ ನಾನಿದ್ದರೆ ಅದನ್ನೇ ಹೇಳುತ್ತಿದ್ದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಎಲೆ ಕೊಡಬೇಕೆಂದೇನಿಲ್ಲ.

ಮರುವರ್ಷ ದಂಡು ಮೈಸೂರಿಗೆ ಸೇರಿತು. ಗಡಿಕಲ್ಲು ಅಲ್ಲೇ ಇತ್ತು, ಅದರ ಮೇಲೆ ಮಕ್ಕಳು ಕೂರುತ್ತಿದ್ದರು. ಮಳೆ ಬಂತು, ಕೆರೆ ತುಂಬಿತು. ತಮಟೆಯವನಿಗೆ ಹೇಳಿ ಕಳಿಸಿದೆ. ಮಳೆಯಲ್ಲಿ ತಮಟೆಯ ಚರ್ಮ ಕೆಡುತ್ತದೆ ಎಂದು ಅವನು ಬರಲಿಲ್ಲ. ಅದೂ ನಿಜವೇ. ಮನೆಯಿಂದ ಸೀಮೆಎಣ್ಣೆಯ ಖಾಲಿ ಡಬ್ಬ ತಂದು ಏರಿ ಮೇಲೆ ನಿಂತು ಸೌದೆ ತುಂಡಿನಿಂದ ಬಡಿದೆ. ಊರಿನವರು ನಕ್ಕರು. ತೋಳು ಸೋಲುವ ತನಕ ಬಡಿದೆ.

ನಲವತ್ತಾರರಲ್ಲಿ ನಾನು ಹೇಳಿದ್ದು ನಿಜ. ಆದರೆ ಒಬ್ಬಳಿಗೆ ಹೇಳಿದ್ದೆ, ಒಬ್ಬಳ ಬಾಯಿ ಮುಚ್ಚಿಸುವುದು ಸುಲಭ. ಡಬ್ಬದ ಸದ್ದು ಕೇಳಿಸಲಿಲ್ಲ ಎಂದು ಅಷ್ಟು ಜನರ ಕೈಲಿ ಹೇಳಿಸಲು ಯಾವ ಮೇಸ್ತ್ರಿಗೂ ಆಗುವುದಿಲ್ಲ. ಆ ಕೆಲಸದಿಂದ ನಾನು ಕಲಿತದ್ದು ಇಷ್ಟೇ.

ಡಬ್ಬದ ಸದ್ದಿಗೆ ಗುಡಿಸಲುಗಳಿಂದ ಮೊದಲು ಗಂಟು ಹೊತ್ತು ಹೊರಗೆ ಬಂದವಳು ಕುಪ್ಪಮ್ಮ. ಉಳಿದವರನ್ನು ಕೂಗಿ ಎಬ್ಬಿಸಿದಳು, ಎಲ್ಲರನ್ನೂ ಮುಂದೆ ಬಿಟ್ಟು ತಾನು ಹಿಂದೆ ದಿಣ್ಣೆ ಹತ್ತಿದಳು. ಏರಿಯ ಕಡೆ ತಿರುಗಿ ನೋಡಲಿಲ್ಲ. ಕೊನೆಯವಳು ಮೇಲೆ ಮುಟ್ಟುವ ತನಕ ನಾನು ಡಬ್ಬ ನಿಲ್ಲಿಸಲಿಲ್ಲ.